ಬಾಜೂ ಕೋಣೆಯ ಅಕ್ಕೋರು

ಮೂಡಲಗಿ ಕಡೆಯ ನಮ್ಮ ಸಾಲಿಯಲ್ಲಿ ಒಂದನೆಯ ತರಗತಿಯ ಒಂದು ವಿಭಾಗಕ್ಕೆ ನಾನು ಅಕ್ಕೋರು, ಬಾಜೂ ಕೋಣೆಯ ಇನ್ನೊಂದು ವಿಭಾಗಕ್ಕೆ ಮತ್ತೊಬ್ಬ ಅಕ್ಕೋರು. ನನ್ನ ಮಕ್ಕಳು ‘ಕ ಕಾ ಕಿ ಕೀ’ ಎಂದು ಕಾಗುಣಿತ ಹಾಡಿದರೆ ಇಡೀ ಸಾಲಿಗೆ ಕೇಳುತ್ತಿತ್ತು. ಆಕೆಯ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಹಳೆಯ ಲಗ್ನಪತ್ರಿಕೆಗಳ ತುಂಡುಗಳ ಬೆನ್ನಿಗೆ ಒಂದೊಂದೇ ಅಕ್ಷರ ಬರೆದು, ಇಸ್ಪೀಟಿನ ಎಲೆಯಂತೆ ಕಲೆಸಿ, ಒಂದನ್ನು ಎತ್ತಿ ಹಿಡಿಯುತ್ತಿದ್ದರು. ಯಾರಾದರೂ ಹಾಡತೊಡಗಿದರೆ, “ಕಣ್ಣೀಲೆ ಓದವ್ವಾ, ಬಾಯೀಲೆ ಅಲ್ಲ” ಅನ್ನುತ್ತಿದ್ದರು. ದೀಪಾವಳಿಗೆ ಮೊದಲೇ ಆ ಮಕ್ಕಳು ಗೋಕಾಕ ಬಸ್ಸಿನ ಬೋರ್ಡು ಓದತೊಡಗಿದಾಗ ನನ್ನ ಹೊಟ್ಟೆ ಉರಿಯಿತು.

ಒಮ್ಮೆ ನನ್ನ ಮಗಳು, ನನ್ನದೇ ವಿಭಾಗದವಳು, ಆಕೆಯ ಬಾಗಿಲಲ್ಲಿ ನಿಂತಿದ್ದಳು. ಆಕೆ ‘ಕೊ’ ತೋರಿಸಿದರು. ಮಗಳು ಕಣ್ಣು ಮುಚ್ಚಿ ‘ಕ’ದಿಂದ ಹಾಡುತ್ತ, ‘ಕೊ’ ದಾಟಿ, ‘ಕಃ’ದ ತನಕ ಹೋದಳು. ಆ ಅಕ್ಕೋರು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆ.

ಆಕೆಗೆ ಸಂಕೇಶ್ವರಕ್ಕೆ ವರ್ಗಾವಣೆಯಾದ ದಿನ ಪೇಢೆ ಹಂಚಿದ್ದು ನಾನೇ. ಮರುವಾರ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಲಗ್ನಪತ್ರಿಕೆಯೊಂದನ್ನು ಕತ್ತರಿಸಿ ‘ಕೊ’ ಬರೆದು ಮಗಳ ಮುಂದೆ ಹಿಡಿದೆ.

“ಕೊ” ಎಂದಳು, ತಟ್ಟನೆ.

“ಯಾರ ಕಲಿಸಿದ್ರವ್ವಾ?”

“ಬಾಜೂ ಅಕ್ಕೋರು. ‘ನಿಮ್ಮವ್ವಗ ಹೇಳಬ್ಯಾಡ, ಬ್ಯಾಸರ ಮಾಡ್ಕೋತಾರ’ ಅಂದಿದ್ರು.”