ಸೂರಿಗೆ ಸುಣ್ಣ ಬಳಿದ ಚಾಕಿ ಅಕ್ಕ

ಅಕ್ಕನ ಅಂಗೈ ತುಂಬ ಸುಣ್ಣ ತಿಂದ ಬಿರುಕು. ರೇಷ್ಮೆ ಹುಳದ ಕೋಣೆಗೆ ಸುಣ್ಣ ಹಾಕಿ ಹಾಕಿ ಚರ್ಮ ಸತ್ತುಹೋಗಿತ್ತು. ಅದಕ್ಕೇ ಬಿಸಿಯೋ ತಂಪೋ ನೋಡಬೇಕಾದರೆ ಕೈಯ ಹಿಂಬದಿ ಬಳಸುತ್ತಿದ್ದಳು. ಯಾರ ಮನೆಗೆ ಹೋದರೂ ಮೊದಲು ಅದನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುವಳು. ಆಮೇಲೇ "ಏನಮ್ಮಾ, ಚೆನ್ನಾಗಿದ್ದೀಯಾ" ಅನ್ನೋ ಮಾತು.

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯವಳು. ಹುಟ್ಟೂರು ಕೆಂಚಾರ್ಲಹಳ್ಳಿ ಕಡೆ. ಗಂಡ ತೀರಿಕೊಂಡ ಮೇಲೆ ಚಾಕಿ ಕೇಂದ್ರದಲ್ಲಿ ಕೆಲಸ ಮಾಡಿ ಬದುಕಿದಳು. ಆಗ ತಾನೇ ಮೊಟ್ಟೆ ಒಡೆದು ಬಂದ ರೇಷ್ಮೆ ಹುಳಾನ ಎರಡು ಸಲ ಪೊರೆ ಬಿಡೋವರೆಗೆ ಸಾಕಿ ರೈತರಿಗೆ ಕೊಡೋ ಜಾಗ ಅದು. ಕೋಣೆ ಸ್ವಲ್ಪ ಬಿಸಿಯಾದರೂ ಆ ಹುಳ ಸೊಪ್ಪು ತಿನ್ನೋದು ಬಿಟ್ಟುಬಿಡ್ತವೆ. ಕರೆಂಟು ಹೋದಾಗ ಬರೀ ಗೋಣಿಚೀಲ, ನೀರು, ಕಿಟಕಿಗಳಲ್ಲೇ ಕೋಣೆ ತಂಪು ಮಾಡೋಳು. ಬೀದಿಯವರೆಲ್ಲ ಚಾಕಿ ಅಕ್ಕ ಅಂತಲೇ ಕರೀತಿದ್ದೆವು.

ನಮ್ಮದು ಸಿಮೆಂಟು ಶೀಟಿನ ಮನೆ. ಚೈತ್ರದಲ್ಲಿ ಮಧ್ಯಾಹ್ನ ಒಳಗೆ ಕೂತರೆ ತಲೆ ಮೇಲೆ ಕಾವಲಿ ಹಿಡಿದ ಹಾಗೆ. ಅಂಥಾ ಒಂದು ಬೇಸಿಗೆಯಲ್ಲಿ ಮಗಳು ಮೊದಲ ಬಾಣಂತನಕ್ಕೆ ಬಂದಳು. ನಮ್ಮಮ್ಮ ನನಗೆ ಮಾಡಿದ ಹಾಗೇ ನಾನೂ ಮಾಡಿದೆ. ಬಾಣಂತಿಗೆ ಗಾಳಿ ಸೋಕಬಾರದು ಅಂತ ಕಿಟಕಿ ಮುಚ್ಚಿದೆ, ಮೇಲಿನ ಗವಾಕ್ಷಿಗೆ ಹಳೇ ಬಟ್ಟೆ ತುರುಕಿದೆ, ಮಂಚದ ಕೆಳಗೆ ಕೆಂಡ ಇಟ್ಟೆ. ಚಾಕಿ ಅಕ್ಕ ನೋಡೋಕೆ ಬಂದಳು. ಗಂಡ ಸತ್ತವಳು, ಹಸುಗೂಸಿನ ಕೋಣೆ ಅಂತ ನಾನೇ ಬಾಗಿಲಲ್ಲಿ ಅಡ್ಡ ನಿಂತೆ. ಅವಳು ಹೊರಗಿನಿಂದಲೇ ಗೋಡೆ ಮುಟ್ಟಿದಳು. ಏನೋ ಹೇಳೋಕೆ ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು ಹೋದಳು. ಹದಿನೈದನೇ ದಿನ ಕೂಸು ಹೋಯಿತು. ಮೈ ಕಾದ ಕಲ್ಲಿನ ಹಾಗಿತ್ತು. ದೃಷ್ಟಿ ಅಂದೆವು, ಗ್ರಹಚಾರ ಅಂದೆವು.

ಎರಡು ವರ್ಷ ಬಿಟ್ಟು ಮತ್ತೆ ಬೇಸಿಗೆಗೇ ಇನ್ನೊಂದು ಹೆರಿಗೆ. ಹೆಣ್ಣು ಕೂಸು, ದಿನ ತುಂಬದ್ದು, ಒಂದು ಬೊಗಸೆಯಷ್ಟು. ನನಗೆ ಬುದ್ಧಿ ಬಂದಿರಲಿಲ್ಲ. ಅದೇ ಕೋಣೆ, ಅದೇ ಬಟ್ಟೆ, ಅದೇ ಕೆಂಡ. ಆರನೇ ದಿನ ಕೂಸು ಮೊಲೆ ಬಿಟ್ಟಿತು. ಅಳೋದಕ್ಕೂ ತ್ರಾಣವಿಲ್ಲ. ಡಾಕ್ಟರು ನೋಡಿ, "ಕೋಣೆ ತಣ್ಣಗಿರಬೇಕಮ್ಮ" ಅಂದರು. ಫ್ಯಾನು ಹಾಕಿದರೆ ಬಿಸಿಗಾಳಿ.

ಆ ಮಧ್ಯಾಹ್ನ ಚಾಕಿ ಅಕ್ಕ ಯಾರನ್ನೂ ಕೇಳದೆ ಒಳಗೆ ಬಂದಳು. ನಾನು ಎದ್ದು ನಿಂತೆ.

"ಸರಿ ಆ ಕಡೆ. ಮಗೂನ ಬೇಯಿಸ್ತಿದ್ದೀಯಾ?"

"ಅಕ್ಕ, ನೀನು ಒಳಗೆ..."

"ಅವತ್ತು ಒಳಗೆ ಬರಬೇಡ ಅಂದೆ. ಬರಲಿಲ್ಲ. ಏನಾಯ್ತು ನೋಡಿದ್ಯಲ್ಲ? ಬಾಯಿ ಬಿಡಬೇಕಿತ್ತು ನಾನು. ಬಾಣಂತಿ ಮನೆ ಅಂತ ಸುಮ್ಮನಾದೆ. ಆ ಪಾಪ ನಂದೂ ಅದೆ ಕಣೇ."

ಬೈಯುತ್ತಲೇ ಕೆಂಡ ಹೊರಗೆ ಸುರಿದಳು. ಸ್ಟೂಲು ಹತ್ತಿ ಗವಾಕ್ಷಿಯ ಬಟ್ಟೆ ಕಿತ್ತಳು. "ಬಿಸಿ ಮೇಲಕ್ಕೆ ಹೋಗ್ತದೆ. ಅದಕ್ಕೆ ದಾರಿ ಬೇಡ್ವಾ? ನಿನ್ನ ಫ್ಯಾನು ಶೀಟಿನ ಬಿಸೀನ ಕೂಸಿನ ಮೇಲೆ ತಳ್ತಾ ಅದೆ." ಪಡುವಣ ಕಿಟಕಿಗೆ ಒದ್ದೆ ಗೋಣಿ ಬಂತು. ಅವಳ ಮನೆಯಿಂದ ಹಳೇ ಚಂದ್ರಿಕೆಗಳು ಬಂದವು, ಹುಳ ಗೂಡು ಕಟ್ಟೋ ಬಿದಿರ ತಟ್ಟಿಗಳು. ಅಳಿಯನ ಕೈಲಿ ಅವನ್ನು ಶೀಟಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಕಟ್ಟಿಸಿದಳು. ಅವುಗಳ ಮೇಲೆ ಹಳೇ ಸೀರೆ ಹಾಸಿದಳು. ಬೆಳಗ್ಗೆ ಎದ್ದರೆ ಅಕ್ಕ ಅಂಗಳದಲ್ಲಿ ಸುಣ್ಣ ನೆನೆಹಾಕಿ, ಗಂಜಿ ಬೆರೆಸಿ, ಒಂದು ಹಿಡಿ ಉಪ್ಪು ಹಾಕಿದ್ದಳು. ಸೂರಿಗೆ ಬಳಿದರೆ ಬಿಸಿಲು ಒಳಗೆ ಇಳಿಯೋದಿಲ್ಲವಂತೆ.

"ನಾನು ಹತ್ತುತ್ತೀನಿ ಬಿಡು ಅಕ್ಕ" ಅಂದ ಅಳಿಯ.

"ನೀನು ಹತ್ತಿದರೆ ಶೀಟೂ ಕೆಳಗೆ, ನೀನೂ ಕೆಳಗೆ. ನಾನು ಒಣಗಿದ ಕಡ್ಡಿ, ನನ್ನ ತೂಕ ತಡೀತದೆ. ನೀನು ಬಕೀಟು ಕೊಡಪ್ಪ ಸಾಕು."

ಬೋಲ್ಟು ಹೊಡೆದ ಸಾಲಿನ ಕೆಳಗೆ ಮಾತ್ರ ತೊಲೆ ಇರ್ತದೆ. ಆ ಸಾಲಿನ ಮೇಲೇ ಕಾಲಿಟ್ಟು, ಏಡಿ ಹಾಗೆ ಅಡ್ಡಡ್ಡ ಸರಿಯುತ್ತಾ ಮೊದಲ ಕೈ ಬಳಿದಳು. ಅವತ್ತು ಮಧ್ಯಾಹ್ನ ನಾನು ಶೀಟು ಮುಟ್ಟಿ ನೋಡಿದೆ. ಕೈ ಸುಡಲಿಲ್ಲ. ಕೂಸು ನಿದ್ದೆ ಮಾಡಿತು.

ಮಾರನೇ ಬೆಳಗ್ಗೆ ಎರಡನೇ ಕೈ. ಕೋಣೆಯ ಮೇಲೆ ಮುಗಿಸಿ ಅಡುಗೆಮನೆ ಕಡೆಗೆ ಬಂದಿದ್ದಳು. ಸುಣ್ಣ ಕೂತು ಬೋಲ್ಟುಗಳೆಲ್ಲ ಮುಚ್ಚಿಹೋಗಿದ್ದವು, ಎಲ್ಲ ಒಂದೇ ಬಿಳುಪು. ಒಳಗೆ ಕೂಸು ತಾನಾಗೇ ಮೊಲೆ ಹುಡುಕಿ ಕುಡಿಯೋಕೆ ಶುರು ಮಾಡಿತು. ಗಟಗಟ ಸದ್ದು ಬಾಗಿಲವರೆಗೆ ಕೇಳಿಸ್ತಿತ್ತು. ನನಗೆ ತಡೆಯಲಾಗಲಿಲ್ಲ. ಅಂಗಳಕ್ಕೆ ಓಡಿಬಂದು ಕೂಗಿಬಿಟ್ಟೆ.

"ಅಕ್ಕಾ! ಕುಡೀತಾವ್ಳೆ! ಕೂಸು ಕುಡೀತಾವ್ಳೆ!"

ಅವಳು ತಿರುಗಿದಳು. ಮುಖ ತುಂಬ ನಗು. ತಿರುಗುವಾಗ ಒಂದು ಹೆಜ್ಜೆ ಪಕ್ಕಕ್ಕೆ ಬಿತ್ತು. ಹಪ್ಪಳ ಮುರಿದಂಥ ಸದ್ದು, ಅಷ್ಟೇ. ನಾನು ಅಡುಗೆಮನೆಗೆ ಓಡಿದಾಗ ಒಲೆ ಪಕ್ಕ ಬಿದ್ದಿದ್ದಳು, ಮೈಮೇಲೆಲ್ಲ ಸುಣ್ಣ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದಳು. ಸೊಂಟ ಮುರಿದಿತ್ತು, ಒಳಗೆಲ್ಲೋ ರಕ್ತ ಕಟ್ಟಿತ್ತು. ನಾನು ಕಾಲ ಹತ್ತಿರ ಕೂತು, "ನಾನು ಕೂಗದಿದ್ದರೆ..." ಅಂತ ಅತ್ತೆ. ಅವಳಿಗೆ ಅದು ಹಿಡಿಸಲಿಲ್ಲ.

"ಅಳಬೇಡ, ಬೆವರು ಬರ್ತದೆ. ನಿನ್ನ ಮನೆಗೆ ಬಾಗಿಲಲ್ಲಿ ಬಾ ಅಂತ ಒಂದಿನ ಕರೆದಿದ್ದೀಯೇನೇ? ಅದಕ್ಕೇ ಸೂರಿಂದ ಬಂದೆ."

ನಗಬೇಕೋ ಸಾಯಬೇಕೋ ತಿಳಿಯಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು, "ಆ ತೂತು ಮುಚ್ಚಿಸಿದ್ರಾ? ಬಿಸಿಲು ಒಳಗೆ ಬೀಳ್ತದೆ."

ಮುಚ್ಚಿಸಿದ್ದೆವು. ಅಷ್ಟು ಹೇಳೋಕಾದರೂ ಸಿಕ್ಕಿದಳು. ಮಾರನೇ ಬೆಳಗ್ಗೆ ಹೋದಳು. ಕೂಸನ್ನು ಅವಳ ಮಡಿಲಿಗೆ ಹಾಕಬೇಕು ಅಂತಿದ್ದೆ. ಆಸ್ಪತ್ರೆಗೆ ಹಸುಗೂಸು ತರಬೇಡಿ ಅಂದರು. ಆ ಮಡಿಲಿಗೆ ನಮ್ಮ ಮನೆಯ ಕೂಸು ಒಂದೂ ಬೀಳಲಿಲ್ಲ.

ಮೊಮ್ಮಗಳಿಗೆ ಈಗ ಎರಡು ತುಂಬಿದೆ. ಅವಳ ವಿಷಯ ತೆಗೆದರೆ ನನ್ನ ಬಾಯಿ ನಿಲ್ಲೋದಿಲ್ಲ. ಓಡ್ತಾಳೆ, ಬೀಳ್ತಾಳೆ, ಬಿದ್ದ ಜಾಗಕ್ಕೇ ಬೈತಾಳೆ. ಬೀದಿ ತುಂಬ ಹೇಳಿಕೊಂಡು ತಿರುಗ್ತೀನಿ, ಜನಕ್ಕೆ ಸಾಕಾಗಿದೆ. ಎರಡು ಬೇಸಿಗೆ ದಾಟಿದಳು, ಮೈಮೇಲೆ ಒಂದು ಬೆವರುಸಾಲೆ ಏಳಲಿಲ್ಲ. ನಾನು ಶಾಲೆಗೆ ಹೆಚ್ಚು ಹೋದವಳಲ್ಲ. ನನಗೆ ಗೊತ್ತಿರೋ ಒಂದು ವಿದ್ಯೆ ಅಂದರೆ ಚಾಕಿ ಅಕ್ಕ ಕಲಿಸಿದ್ದು.

ಸುಣ್ಣ ಮಳೆಗೆ ತೊಳೆದುಹೋಗ್ತದೆ, ವರ್ಷ ವರ್ಷ ಬಳೀಬೇಕು. ಶಿವರಾತ್ರಿ ಕಳೆದ ಮೇಲೆ ಅಳಿಯ ಹತ್ತುತ್ತಾನೆ. ಶೀಟಿನ ಮೇಲೆ ಹಲಗೆ ಹಾಸ್ತಾನೆ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ತಾನೆ. ಈ ಸಲ ಅವನು ಮೇಲಿದ್ದಾಗ ಮೊಮ್ಮಗಳು ಅಂಗಳದಲ್ಲಿ ಮೊದಲ ಸಲ ಬಾಯಿ ತುಂಬ "ಅಜ್ಜೀ" ಅಂದಳು. ಇಷ್ಟು ದಿನ ಬರೀ "ಜ್ಜಿ" ಇತ್ತು. ಎದೆ ಒಡೆದುಹೋಗುವಷ್ಟು ಸಂತೋಷ ಬಂತು. ಅವಳನ್ನು ಎತ್ತಿ ಎದೆಗೆ ಒತ್ತಿಕೊಂಡು, ತುಟಿ ಕಚ್ಚಿ ನಿಂತೆ. ಅಳಿಯ ಏಣಿ ಇಳಿದು, ಎರಡೂ ಕಾಲು ನೆಲಕ್ಕಿಟ್ಟ ಮೇಲೆ ಹೇಳಿದೆ.