ಬೆಲ್ಟ್ ಕಟ್ಟದ ಮೇಷ್ಟ್ರು

ನಮ್ಮ ಫಿಸಿಕ್ಸ್ ಮೇಷ್ಟ್ರ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿದ್ದುದು ಹತ್ತಿಯ ಲಾಡಿಯಿಂದ. ಬೆಲ್ಟಿನ ಬಕಲ್ಲಿನಲ್ಲಿ ಕಬ್ಬಿಣ ಇರುತ್ತದಲ್ಲ, ಅದಕ್ಕೆ. ಭಾರತೀನಗರದ ಕಾಲೇಜಿನಲ್ಲಿ ಹುಡುಗರು ನಕ್ಕರೆ, "ನಗ್ರಲಾ, ನಿಮ್ ಬೆಲ್ಟು ಕಂಡ್ರೆ ನನ್ ಮುಳ್ಳು ಕುಣೀತದೆ" ಎನ್ನುತ್ತಿದ್ದರು.

ಮುಳ್ಳೆಂದರೆ ಅವರ ಹಿತ್ತಲಿನ ಮಣ್ಣಿನ ಕೋಣೆಯಲ್ಲಿ ರೇಷ್ಮೆ ಎಳೆಗೆ ತೂಗುಬಿಟ್ಟ ಪುಟ್ಟ ಅಯಸ್ಕಾಂತ. ಹಗಲೇರಿದಂತೆ ನೂರು ಕಿಲೋಮೀಟರ್ ಮೇಲೆ ಗಾಳಿಯಲ್ಲೇ ವಿದ್ಯುತ್ತು ಹರಿಯುತ್ತದೆ. ಅದಕ್ಕೆ ಮುಳ್ಳು ಕೂದಲೆಳೆಯಷ್ಟು ತಿರುಗುತ್ತದೆ. ಮುಳ್ಳಿಗಂಟಿಸಿದ ಕನ್ನಡಿಯ ಬೆಳಕು ಗೋಡೆಯ ಮೇಲೆ ಎಷ್ಟು ಸರಿಯಿತೆಂದು ಮೇಷ್ಟ್ರು ದಿನವೂ ಬರೆದಿಡುತ್ತಿದ್ದರು.

ನಾನು ಅದೇ ವಿದ್ಯುತ್ತಿನ ಕಂಪ್ಯೂಟರ್ ಮಾದರಿ ಕಟ್ಟುತ್ತಾ ಪಿಎಚ್.ಡಿ. ಮಾಡುತ್ತಿದ್ದೆ. ಮೇಲಿನ ಗಾಳಿ ಎಷ್ಟು ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬ ನನ್ನ ಅಂದಾಜಿಗಿಂತ ಮೇಷ್ಟ್ರ ಮಧ್ಯಾಹ್ನದ ಅಳತೆ ಜಾಸ್ತಿ ಬರುತ್ತಿತ್ತು. ನನ್ನ ಗೈಡ್ ನಕ್ಕರು. "ಅದು ಆಕಾಶವಲ್ಲ, ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಕಬ್ಬಿಣ. ಆ ಅಳತೆ ಕೈಬಿಟ್ಟು ಪ್ರಬಂಧ ಕೊಡಿ." ನಾನು ಹೇಡಿ, ತಲೆಯಾಡಿಸಿ ಬಂದೆ.

ಮೇಷ್ಟ್ರು ಕೆಂಡವಾದರು. "ಟ್ಯಾಕ್ಟರ್ ಅಂತಾರಾ? ಅಂಗಾರೆ ಟ್ಯಾಕ್ಟರೇ ನಿಲ್ಸಾನ ಬಾ. ಆಮೇಕೆ ಮುಳ್ಳು ಸರೀದಿದ್ರೆ ನನ್ ಪುಸ್ತಕ ಎಲ್ಲಾ ಒಲೆಗಾಕ್ತೀನಿ."

ಹೇಳಿದವರೇ ಊರಾಚೆ ಹೋಗಿ ರಸ್ತೆಯ ನಡುವೆ ಛತ್ರಿ ಹಿಡಿದು ನಿಂತರು. ಮೊದಲ ಟ್ರ್ಯಾಕ್ಟರಿನ ಡ್ರೈವರ್ ಅವರ ಹಳೆಯ ಶಿಷ್ಯ.

"ದಾರಿ ಬುಡಿ ಮೇಷ್ಟ್ರೆ, ಕಬ್ಬು ಒಣಗಿ ತೂಕ ಓಯ್ತದೆ!"

"ಓಗ್ಲಿ ಕಣ್ಲಾ. ಇವಳ ಐದು ವರ್ಸದ ದುಡಿಮೆ ಓಯ್ತಾ ಅದೆ. ಒಂದ್ ಗಂಟೆ ನಿಂತ್ಕಾ."

"ಫೇಲ್ ಮಾಡಿದ್ದು ಸಾಲ್ದು ಅಂತ ಈಗ ರಸ್ತೇಲೂ ತಡೀತೀರಲ್ಲ!" ಎಂದು ಬೈಯುತ್ತಲೇ ಅವನು ಎಂಜಿನ್ ಆರಿಸಿದ. ಹಿಂದಿನವರನ್ನೂ ಅವನೇ ಅಲ್ಲೇ ನಿಲ್ಲಿಸಿದ. ಮೂರು ಮಧ್ಯಾಹ್ನ ಹೀಗೇ ನಡೆಯಿತು. ಮೂರು ದಿನವೂ ಬೆಳಕು ಗೋಡೆಯ ಮೇಲೆ ಎಂದಿನಂತೆಯೇ ಸರಿಯಿತು.

"ಆಕಾಸಕ್ಕೆ ಬಗ್ಗು ಅನ್ಬ್ಯಾಡ ಕಣವ್ವ, ನಿನ್ ಲೆಕ್ಕ ತಿದ್ಕಾ" ಎಂದರು ಮೇಷ್ಟ್ರು.

ಗೈಡ್ ಎದುರು ಮೊದಲ ಸಲ "ಆಗೋದಿಲ್ಲ ಸಾರ್" ಎಂದೆ. ಅಳತೆ ಉಳಿಸಿಕೊಂಡು ಮಾದರಿಯನ್ನು ತಿದ್ದಿದೆ. ಪದವಿ ಒಂದು ವರ್ಷ ತಡವಾಯಿತು. ನನಗೆ ಇವತ್ತಿಗೂ ಬೇಜಾರಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮಣ್ಣಿಗೆ ಬಂದ ಡ್ರೈವರುಗಳು ಟ್ರ್ಯಾಕ್ಟರುಗಳನ್ನು ಊರಾಚೆಯೇ ಬಿಟ್ಟು ಬಿಸಿಲಲ್ಲಿ ನಡೆದು ಬಂದರು. ಯಾಕೆಂದು ಕೇಳಿದರೆ ಆ ಹಳೆಯ ಶಿಷ್ಯ ನನ್ನ ಮೇಲೇ ರೇಗಿದ: "ಮುಳ್ಳು ಇನ್ನೂ ತೂಗ್ತಾ ಅದಲ್ಲವ್ವ!"

ನಾನು ತಲೆಯ ಪಿನ್ನುಗಳನ್ನು ಕಿತ್ತು ಅವನ ಕೈಗಿಟ್ಟು, ಮಣ್ಣಿನ ಕೋಣೆಗೆ ಹೋಗಿ, ಆ ಮಧ್ಯಾಹ್ನದ ಅಳತೆ ಬರೆದೆ.