ಅಕ್ಷರ ಜೋಡಿಸಿದಾಕೆ

ಕಳೆದ ತಿಂಗಳು ಸೋಮವಾರಪೇಟೆಯ ಬಸ್ ನಿಲ್ದಾಣದ ಎದುರಿನ ಅಂಗಡಿಯೊಂದರಲ್ಲಿ ಗುರುತಿನ ಚೀಟಿಗೆ ಲ್ಯಾಮಿನೇಷನ್ ಮಾಡಿಸಲು ನಿಂತಿದ್ದೆ. ಯಂತ್ರದ ಸೀಳಿನಿಂದ ಚೀಟಿ ಮೆಲ್ಲಗೆ ಹೊರಬರುತ್ತಿದ್ದಂತೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಬಂತು. ಸುಟ್ಟ ವಾಸನೆಯೂ ಅಲ್ಲ, ಸಿಹಿಯೂ ಅಲ್ಲ, ಗಂಟಲಲ್ಲಿ ಸ್ವಲ್ಪ ಹೊತ್ತು ಕೂರುವಂಥದ್ದು. ಅಂಗಡಿಯವನು 'ಬಿಸಿ ಐತೆ, ನೋಡ್ಕಂಡ್ ಹಿಡೀರಿ' ಎಂದು ಚೀಟಿ ಕೈಗಿತ್ತ. ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬಹಳ ವರ್ಷಗಳ ಹಿಂದೆ, ವಾರಕ್ಕೆ ಮೂರು ಸಂಜೆ, ಇದೇ ವಾಸನೆಯ ನಡುವೆ ಕೂತು ನಾನು ನನ್ನ ಮೊದಲ ಕಾದಂಬರಿ ಮುಗಿಸಿದ್ದೆ...

ಆಗ ನಾನು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತೆ. ಐದಕ್ಕೆ ಕೆಲಸ ಮುಗಿಯುತ್ತಿತ್ತು. ಸೋಮವಾರಪೇಟೆಗೆ ನನ್ನ ಬಸ್ಸು ಆರೂಕಾಲಿಗೆ. ನಡುವಿನ ಹೊತ್ತನ್ನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಳೆಯುತ್ತ, ಹಳೆಯ ತೂಕದ ಚೀಟಿಗಳ ಹಿಂಬದಿಯಲ್ಲಿ ಕಾದಂಬರಿ ಬರೆಯುತ್ತಿದ್ದೆ. ಕಾಫಿಬೀಜ ಆರಿಸುವ ಹೆಂಗಸೊಬ್ಬಳು ತನ್ನ ಮಗಳನ್ನು ದೂರದ ಬಯಲುಸೀಮೆಗೆ ಮದುವೆ ಮಾಡಿಕೊಟ್ಟ ಕತೆ. ಮೂರು ವರ್ಷ ಬರೆದೆ. ಮೈಸೂರಿನ ಪ್ರಕಾಶಕರೊಬ್ಬರಿಗೆ ಕೈಬರಹದ ಪ್ರತಿ ಕಳಿಸಿದರೆ, ಟೈಪ್ ಮಾಡಿಸಿ ಕಳಿಸಿ ಎಂದು ಒಂದೇ ಸಾಲಿನ ಕಾಗದದೊಡನೆ ಅದು ವಾಪಸು ಬಂತು. ಹಾಗಾಗಿ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ಟೈಪಿಂಗ್, ಲ್ಯಾಮಿನೇಷನ್ ಎರಡೂ ಮಾಡುತ್ತಿದ್ದ ಡಿಟಿಪಿ ಅಂಗಡಿಗೆ ಹೋದೆ.

ಅಂಗಡಿ ನಡೆಸುತ್ತಿದ್ದವಳು ನನಗಿಂತ ಎರಡು ವರ್ಷ ಚಿಕ್ಕವಳು. ಆದರೂ ಊರಿನವರೆಲ್ಲ ಕರೆಯುವಂತೆ ನಾನೂ ಡಿಟಿಪಿ ಅಕ್ಕ ಎಂದೇ ಕರೆದೆ. ಹಾಸನದ ಕಡೆಯಿಂದ ಬಂದು ಹಾರಂಗಿಯ ಹಿನ್ನೀರಿನ ಹತ್ತಿರ ನೆಲೆಸಿದ ಬೇಸಾಯದ ಮನೆಯವಳು. ಮದುವೆಯಾಗಿ ಬಯಲುಸೀಮೆಗೆ ಹೋಗಿ, ಎರಡೇ ವರ್ಷಕ್ಕೆ ತಿರುಗಿ ಬಂದವಳು ಎಂದು ಪಕ್ಕದ ಹಣ್ಣಿನ ರಸದ ಅಂಗಡಿಯವರು ಒಮ್ಮೆ ದನಿ ತಗ್ಗಿಸಿ ಹೇಳಿದ್ದರು. ಆಕೆ ಆ ಬಗ್ಗೆ ಯಾವತ್ತೂ ಮಾತಾಡಲಿಲ್ಲ. ಲಗ್ನಪತ್ರಿಕೆ, ತಿಥಿಯ ಕಾರ್ಡು, ತಾಲ್ಲೂಕು ಕಚೇರಿಯ ಅರ್ಜಿ, ಎಲ್ಲವನ್ನೂ ಒಂದೇ ವೇಗದಲ್ಲಿ ಟೈಪ್ ಮಾಡುತ್ತಿದ್ದಳು. ನನ್ನ ಕಾದಂಬರಿಗೆ ಮಾತ್ರ ವೇಗ ಕಡಿಮೆಯಾಗುತ್ತಿತ್ತು. ನನ್ನ ಅಕ್ಷರ ಕೆಟ್ಟದೆಂದು ಮೊದಮೊದಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆಕೆ ಓದುತ್ತಿದ್ದಳು.

ಪ್ರಶ್ನೆಗಳು ಒಂದೊಂದಾಗಿ ಬಂದವು. ಬೀಜ ಆರಿಸುವವಳ ಬೆರಳಿನ ಉಗುರು ನಾನು ಬರೆದ ಹಾಗಿರುತ್ತದೆಯೇ? ಅಷ್ಟು ದೂರದ ಬಸ್ಸಿನಲ್ಲಿ ಹೋದ ಮದುಮಗಳು ನಡುವೆ ಎಲ್ಲೂ ಇಳಿಯಲಿಲ್ಲವೇ? ನನಗೆ ಕಿರಿಕಿರಿಯಾಗುತ್ತಿತ್ತು. ಮನೆಗೆ ಹೋಗಿ ನೋಡಿದರೆ ಆಕೆ ಕೇಳಿದಲ್ಲೆಲ್ಲ ನನ್ನ ಬರಹ ಪೊಳ್ಳಾಗಿತ್ತು. ತಿದ್ದಿ ತರುತ್ತಿದ್ದೆ. ಮತ್ತೆ ಟೈಪ್ ಮಾಡುತ್ತಿದ್ದಳು. ಹಳೆಯ ಫೈಲನ್ನು ಹೊಸ ಫಾಂಟಿಗೆ ಬದಲಿಸುವಾಗ ಒತ್ತಕ್ಷರಗಳೆಲ್ಲ ಎಗರಿಹೋದಾಗ ಒಂದು ವಾರ ಕೂತು ಒಂದೊಂದನ್ನೇ ಹಚ್ಚಿದಳು.

ಕಾದಂಬರಿಯ ನಡುವೆ ಒಂದು ಕಾಗದವಿತ್ತು. ಗಂಡನ ಮನೆಯಲ್ಲಿ ಹೊಡೆತ ತಿನ್ನುವ ಮಗಳು ತಾಯಿಗೆ ಬರೆದದ್ದು. ಮೂರು ಪುಟ. ಬರೆಯುತ್ತ ನಾನೇ ಅತ್ತಿದ್ದೆ, ಹಾಗಾಗಿ ಅದು ಚೆನ್ನಾಗಿದೆ ಎಂದು ನಂಬಿದ್ದೆ. ಆ ಸಂಜೆ ಡಿಟಿಪಿ ಅಕ್ಕ ಅಲ್ಲಿಗೆ ಬಂದು ಕೈ ನಿಲ್ಲಿಸಿದಳು.

'ಮೇಡಂ, ಈ ತಾಯಿಗೆ ಓದಕ್ಕೆ ಬರಲ್ಲ ಅಂತ ಎರಡನೇ ಅಧ್ಯಾಯದಲ್ಲಿ ನೀವೇ ಬರ್ದಿದೀರಿ.'

'ಹೂಂ. ಹುಡುಗಿಯ ಚಿಕ್ಕಪ್ಪ ಓದಿ ಹೇಳ್ತಾನೆ.'

'ಆ ಚಿಕ್ಕಪ್ಪನೇ ಅಲ್ವಾ ಈ ಸಂಬಂಧ ಮಾಡ್ಸಿದ್ದು? ಅವ್ನ್ ಬಾಯಲ್ಲಿ ಓದ್ಸೋ ಕಾಗ್ದದಾಗೆ ಇಷ್ಟೆಲ್ಲ ಹೆಂಗ್ ಬರೀತಾಳೆ? ಗಂಡನ ಮನೆಯೋರೂ ನೋಡೇ ಅಂಚೆಗೆ ಹಾಕೋದು. ಅಂಥಾ ಕಾಗ್ದದಾಗೆ ಏನೂ ಬರೆಯಕ್ಕಾಗಲ್ಲ ಮೇಡಂ. ಬರೆಯದೇನೇ ಅವ್ವಂಗೆ ಗೊತ್ತಾಗ್ಬೇಕು.'

'ಹಾಗಾದ್ರೆ ನೀವೇ ಬರೀರಿ' ಎಂದೆ. ವ್ಯಂಗ್ಯವಾಗಿಯೇ ಅಂದದ್ದು. ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇತ್ತು, ಆದರೂ ಎದ್ದು ಹೋದೆ.

ಮುಂದಿನ ವಾರ ಕರಡು ತೆಗೆದುಕೊಂಡಾಗ ನನ್ನ ಮೂರು ಪುಟಗಳ ಜಾಗದಲ್ಲಿ ಏಳೆಂಟು ಸಾಲು ಇತ್ತು. 'ಅವ್ವನಿಗೆ ನಮಸ್ಕಾರ. ನಾನು ಇಲ್ಲಿ ಸುಖವಾಗಿದ್ದೇನೆ. ಎಲ್ಲರೂ ಒಳ್ಳೆಯವರು. ನನ್ನ ಮದುವೆಗೆಂದು ಕೆಂದ ಹಸುವನ್ನು ಮಾರಿದೆವಲ್ಲ, ಅದು ಹೊಸ ಮನೆಯಲ್ಲಿ ಮೇವು ಮುಟ್ಟದೆ ನಿಂತಿದೆ ಎಂದು ಕೇಳಿದ್ದೆ. ಈಗ ತಿನ್ನುತ್ತಿದೆಯೇ? ಕೊರಳಿನ ಹಗ್ಗದ ಗಾಯ ಮಾಸಿದೆಯೇ? ಅವರು ಒಪ್ಪಿದರೆ ಅದನ್ನು ವಾಪಸು ಹೊಡೆದುಕೊಂಡು ಬಾ ಅವ್ವ. ನಮ್ಮ ಕೊಟ್ಟಿಗೆಯಲ್ಲಿ ಜಾಗ ಇದೆಯಲ್ಲ...'

ಎರಡು ಸಲ ಓದಿದೆ. ಡಿಟಿಪಿ ಅಕ್ಕ ಪರದೆಯ ಕಡೆ ನೋಡುತ್ತ, 'ಬ್ಯಾಡ ಅಂದ್ರೆ ತೆಗೆದ್ಬಿಡ್ತೀನಿ, ನಿಮ್ದು ಹಂಗೇ ಐತೆ' ಎಂದಳು. 'ಇರಲಿ' ಎಂದೆ. ಅಷ್ಟೇ ಅಂದದ್ದು. ಚೆನ್ನಾಗಿದೆ ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಯಾಕೆ ಹೊರಗೆ ಬರಲಿಲ್ಲವೋ... ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ವರ್ಷ ನಾನು ಕಾದು ಕೂತಿದ್ದ ಸಾಲುಗಳು ತಿಥಿಕಾರ್ಡು ಟೈಪ್ ಮಾಡುವವಳ ಬೆರಳಿಗೆ ಬಂದಿದ್ದವು. ಅದನ್ನು ನನಗೆ ಸಹಿಸಲಾಗಲಿಲ್ಲ.

ಟೈಪಾದ ಪ್ರತಿಯನ್ನು ಮೂವರಿಗೆ ಕಳಿಸಿದೆ. ಇಬ್ಬರು ಪ್ರಕಾಶಕರು ಉತ್ತರವನ್ನೇ ಬರೆಯಲಿಲ್ಲ. ಮೈಸೂರಿನವರು ಐದು ತಿಂಗಳಾದ ಮೇಲೆ ಫೋನ್ ಮಾಡಿದರು. 'ಪುಸ್ತಕ ತರೋಣ. ಆ ಹಸುವಿನ ಕಾಗದ ಓದಿದ ಮೇಲೆ ಬೇಡ ಅನ್ನಲಿಕ್ಕಾಗಲಿಲ್ಲ' ಎಂದರು. ಥ್ಯಾಂಕ್ಸ್ ಎಂದೆ.

ಅಚ್ಚಿಗೆ ಹೋಗುವ ಮುಂಚೆ ಕೃತಜ್ಞತೆಯ ಪುಟ ಬೇಕೆಂದರು. ಅದನ್ನೂ ಡಿಟಿಪಿ ಅಕ್ಕನ ಹತ್ತಿರವೇ ಟೈಪ್ ಮಾಡಿಸಿದೆ. ಪ್ರಕಾಶಕರು, ಮುನ್ನುಡಿ ಬರೆದ ಹಿರಿಯರು, ಕಾಲೇಜಿನ ಗುರುಗಳು, ಗಂಡ, ಅತ್ತೆ, ಕಚೇರಿಯ ಮ್ಯಾನೇಜರು, ರಜೆಯಲ್ಲಿ ಉಳಿಯಲು ಮನೆ ಬಿಟ್ಟುಕೊಟ್ಟ ಭಾಗಮಂಡಲದ ಗೆಳತಿ. ನಾನು ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಓದಿದೆ. ಆಕೆ ಒಂದೊಂದೇ ಹೆಸರು ಹೊಡೆದಳು. ಕೊನೆಗೆ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದಳು.

'ಇಷ್ಟೇನಾ ಮೇಡಂ? ಯಾರ್ದಾದ್ರೂ ಬಿಟ್ಟೋಗೈತಾ, ನೋಡಿ.'

'ಇಷ್ಟೇ' ಎಂದೆ.

ಆಕೆ ಪ್ರಿಂಟ್ ಒತ್ತಿದಳು.

ಪುಸ್ತಕದ ಬಿಡುಗಡೆ ಮಡಿಕೇರಿಯಲ್ಲಿ ಆಯಿತು. ಭಾಷಣಕ್ಕೆ ನಿಂತವರು ಹಸುವಿನ ಕಾಗದವನ್ನು ಪೂರ್ತಿ ಓದಿದರು. ಆಮೇಲೆ ಯಾರೋ ಒಬ್ಬರು ಎದ್ದು, ಆ ಹಸು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದರು. 'ಬರೆಯುವಾಗ ತಾನಾಗಿ ಬಂತು' ಎಂದೆ. ಚಪ್ಪಾಳೆ ಬಿತ್ತು. ಅದು ನಿಲ್ಲುವಾಗ ಹಿಂದಿನ ಸಾಲಿನಲ್ಲಿ, ಬಸ್ಸಿನ ಧೂಳು ಇನ್ನೂ ಮೈಮೇಲಿದ್ದ ಡಿಟಿಪಿ ಅಕ್ಕ ಕಂಡಳು. ನಾನು ಆಮಂತ್ರಣ ಕೊಟ್ಟಿರಲಿಲ್ಲ. ಆಮಂತ್ರಣ ಪತ್ರಿಕೆ ಟೈಪ್ ಮಾಡಿದವಳೂ ಆಕೆಯೇ ಆದ್ದರಿಂದ ದಿನ, ಜಾಗ ಗೊತ್ತಿದ್ದವು. ಎಲ್ಲರ ಜೊತೆ ಆಕೆಯೂ ಚಪ್ಪಾಳೆ ತಟ್ಟುತ್ತಿದ್ದಳು. ಊಟಕ್ಕೆ ಕರೆಯೋಣವೆಂದು ಇಳಿದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಇದಾಗಿ ಒಂದು ತಿಂಗಳಿಗೆ, ಬಸ್ಸಿಗೆ ಓಡುತ್ತಿದ್ದ ನನ್ನನ್ನು ಅಂಗಡಿಯಿಂದ ಕೂಗಿ ಕರೆದಳು. ಸ್ಪೈರಲ್ ಹಾಕಿದ ನೂರಕ್ಕೂ ಹೆಚ್ಚು ಪುಟಗಳ ಕಟ್ಟೊಂದನ್ನು ಕೈಗಿತ್ತಳು.

'ನಾನೂ ಒಂದ್ ಬರ್ದಿದೀನಿ ಮೇಡಂ. ನಮ್ ಮನೇಲಿ ಯಾರ್ಗೂ ಗೊತ್ತಿಲ್ಲ. ನೀವ್ ಓದಿ, ಆಗ್ಬೌದು ಅಂದ್ರೆ ಮೈಸೂರ್ನೋರ್ಗೆ ತೋರ್ಸ್‌ತೀರಾ?'

ನನ್ನ ಮೇಲೆ ಆಕೆಗೆ ಕೋಪ ಇರಲಿಲ್ಲವೋ, ಅಥವಾ ಕೋಪಕ್ಕಿಂತ ದೊಡ್ಡದಾದ ಆಸೆ ಇತ್ತೋ. ಮುಖ ಮಾತ್ರ ಪರೀಕ್ಷೆಯ ಫಲಿತಾಂಶ ನೋಡಲು ನಿಂತ ಹುಡುಗಿಯ ಮುಖದಂತಿತ್ತು.

ಭಾನುವಾರ ಮಧ್ಯಾಹ್ನ ಓದಲು ಕೂತೆ. ಹನ್ನೊಂದು ಪುಟ ಓದಿ ನಿಲ್ಲಿಸಿದೆ. ಬೇಸರವಾಗಿ ನಿಲ್ಲಿಸಿದ್ದಲ್ಲ. ಇದನ್ನು ನಾನು ಮೈಸೂರಿಗೆ ಕಳಿಸಿದರೆ, ಅವರು ಓದಿದ ದಿನವೇ ಹಸುವಿನ ಕಾಗದ ಬರೆದದ್ದು ಯಾರೆಂದು ಕಂಡುಕೊಳ್ಳುತ್ತಾರೆ. ಬರೆದ ಕೈ ಒಂದೇ, ಮುಚ್ಚಿಡಲಾಗದು. ಕಟ್ಟನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ. ನಾಳೆ ಓದುತ್ತೇನೆ ಎಂದುಕೊಂಡೆ. ಎಷ್ಟೋ ನಾಳೆಗಳು ಕಳೆದವು...

ಆಕೆ ಒಮ್ಮೆಯೂ ಕೇಳಲಿಲ್ಲ. ಗಲ್ಲಿಯಲ್ಲಿ ನಾನು ಹಾದುಹೋಗುವಾಗ ತಲೆಯೆತ್ತಿ ನೋಡಿ, ನಕ್ಕು, ಮತ್ತೆ ಪರದೆಗೆ ತಿರುಗುತ್ತಿದ್ದಳು. ಆ ನೋಟ ತಪ್ಪಿಸಿಕೊಳ್ಳಲು ನಾನು ಸುತ್ತು ಬಳಸಿ ನಿಲ್ದಾಣಕ್ಕೆ ಹೋಗತೊಡಗಿದೆ. ಎರಡು ತಿಂಗಳಾದ ಮೇಲೆ, ಇನ್ನು ತಡೆಯಲಾರದೆ, ಕಟ್ಟನ್ನು ಹಿಂತಿರುಗಿಸಿದೆ.

'ಇನ್ನೂ ಪಕ್ವ ಆಗ್ಬೇಕು' ಎಂದೆ. ಹಿಂದೆ ಪತ್ರಿಕೆಗಳಿಗೆ ಕಳಿಸಿದ್ದ ಕತೆಗಳಿಗೆ ಬಂದಿದ್ದ ತಿರಸ್ಕಾರದ ಕಾಗದಗಳಿಂದ ಕಲಿತ ಮಾತು ಅದು.

ಆಕೆ ಕಟ್ಟನ್ನು ಮಡಿಲಲ್ಲಿಟ್ಟುಕೊಂಡಳು.

'ಎಲ್ಲಾ ಓದಿದ್ರಾ ಮೇಡಂ?'

'ಓದ್ದೆ.'

'ಕೊನೇದು?'

'ಕೊನೆಯೂ ಹಾಗೇ... ಇನ್ನೊಂದು ಸಲ ತಿದ್ದಿ.'

'ಆಯ್ತು ಮೇಡಂ' ಎಂದಳು. ಎದ್ದು, ಪ್ರಿಂಟರಿನ ಕೆಳಗಿನ ಹಲಗೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ಮೇಲೆ ಕಟ್ಟನ್ನಿಟ್ಟಳು. ಅರ್ಜಿ ಬರೆಸಲು ಯಾರೋ ಬಂದರು. ನಾನು ಹೊರಟೆ. ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ಮುಂದಿನ ವರ್ಷ ಸೋಮವಾರಪೇಟೆಯಲ್ಲೇ ಕೆಲಸ ಸಿಕ್ಕಿ ಕುಶಾಲನಗರಕ್ಕೆ ಹೋಗುವುದೂ ತಪ್ಪಿತು. ಆಮೇಲೆ ಎರಡು ಕಾದಂಬರಿ ಬರೆದೆ. ಇಬ್ಬರು ಬೇರೆಯವರು ಟೈಪ್ ಮಾಡಿದರು. ಯಾರೂ ಏನೂ ಕೇಳಲಿಲ್ಲ. ಆ ಪುಸ್ತಕಗಳನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ಲ್ಯಾಮಿನೇಷನ್ ಮಾಡಿಸಿದ ಆ ದಿನ ನಾನು ಮನೆಗೆ ಹೋಗದೆ ಕುಶಾಲನಗರದ ಬಸ್ಸು ಹತ್ತಿದೆ. ಮೊದಲ ಕಾದಂಬರಿಯ ಮರುಮುದ್ರಣದ ಕರಡು ಬ್ಯಾಗಿನಲ್ಲಿತ್ತು. ಈ ಸಲವಾದರೂ ಕೃತಜ್ಞತೆಯ ಪುಟಕ್ಕೆ ಡಿಟಿಪಿ ಅಕ್ಕನ ಹೆಸರು ಸೇರಿಸುವ ಮಾತು ಹೇಳಬೇಕೆಂದಿದ್ದೆ. ಗಲ್ಲಿಯಲ್ಲಿ ಡಿಟಿಪಿ ಇದ್ದ ಮಳಿಗೆ ಈಗ ಮೊಬೈಲ್ ರಿಪೇರಿ ಅಂಗಡಿ. ಹಣ್ಣಿನ ರಸದವರು ಮಾತ್ರ ಹಾಗೇ ಇದ್ದರು. 'ಅವ್ರು ತೀರ್ಕಂಡು ಎರಡ್ ವರ್ಷ ಆಯ್ತಲ್ಲ ಮೇಡಂ. ಕಾಯಿಲೆ ಗೊತ್ತಾಗೋದ್ರೊಳಗೆ ಮುಗ್ದೋಗಿತ್ತು' ಎಂದು ಆಕೆಯ ತಂಗಿಯ ಊರಿನ ದಾರಿ ಹೇಳಿದರು.

ಹಾರಂಗಿಯ ಕಡೆ ಆಟೋದಲ್ಲಿ ಹೋದೆ. ತಂಗಿ ಜಗಲಿಯಲ್ಲಿ ಕೂತು ಶುಂಠಿಯ ಮಣ್ಣು ಕೆರೆಯುತ್ತಿದ್ದಳು. ನಾನು ಯಾರೆಂದು ಹೇಳಿದೆ. ಅಕ್ಕನ ಪೂರ್ತಿ ಹೆಸರನ್ನು ಅಂದೇ ಕೇಳಿ ತಿಳಿದುಕೊಂಡೆ. ಅಷ್ಟು ಸಂಜೆ ಪಕ್ಕದಲ್ಲಿ ಕೂತಿದ್ದ ನನಗೆ ಅದೂ ಗೊತ್ತಿರಲಿಲ್ಲ. ಆಕೆ ಬರೆದ ಸ್ಪೈರಲ್ ಕಟ್ಟೊಂದು ಇದೆಯೇ ಎಂದು ಕೇಳಿದಾಗ ತಂಗಿಯ ಕೈ ನಿಂತಿತು.

'ಅಕ್ಕ ಕತೆ ಬರೀತಿದ್ಲಾ? ನಮ್ಗೆ ಒಂದಿನಾನೂ ಹೇಳ್ಲಿಲ್ವಲ್ಲ. ಅಂಗಡಿ ಖಾಲಿ ಮಾಡ್ದಾಗ ಪೇಪರೆಲ್ಲ ಗುಜರಿಯೋರು ತಗಂಡ್ ಹೋದ್ರು. ಕಂಪ್ಯೂಟರ್ ತಗಂಡೋರು ಎಲ್ಲಾ ಅಳಿಸ್ಬಿಟ್ಟಿರ್ತಾರೆ...' ಮತ್ತೆ ಸ್ವಲ್ಪ ಹತ್ತಿರ ಸರಿದು, 'ಏನ್ ಬರ್ದಿದ್ಲು?' ಎಂದಳು.

ಹೇಳಿದೆ. ಕಾಗದದ ವಿಷಯವನ್ನು ಮೊದಲು ಹೇಳಿದೆ. ಅದನ್ನು ನನ್ನದೆಂದು ಸಭೆಯಲ್ಲಿ ಹೇಳಿಕೊಂಡದ್ದನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. 'ಅದಲ್ಲ, ಅವಳ್ದೇ ಕತೆ' ಎಂದಳು. ನೆನಪಿದ್ದಷ್ಟೂ ಹೇಳಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಿದೆ. ಒಬ್ಬ ಹುಡುಗಿ, ಅವಳ ಅಜ್ಜಿ, ತೆಪ್ಪದಲ್ಲಿ ಹೊರಟಿದ್ದಾರೆ. ನೀರಿನಿಂದ ಮೇಲೆದ್ದ ದಿಬ್ಬದಲ್ಲಿ ಅಜ್ಜಿಗೆ ಮುಳುಗಡೆಯಾದ ತನ್ನ ಹಳೆಯ ಮನೆಯ ಒರಳುಕಲ್ಲು ಕಾಣುತ್ತದೆ. ಹುಡುಗಿ ತೆಪ್ಪವನ್ನು ಒಣಮರದ ಮೋಟಿಗೆ ಕಟ್ಟಿ ಇಳಿದು ಹೋಗುತ್ತಾಳೆ. ಒರಳಿನೊಳಗಿನ ಕೆಸರು ತೆಗೆದು ತಿರುಗಿ ನೋಡುವಾಗ ಹಗ್ಗ ಬಿಚ್ಚಿಕೊಂಡಿದೆ. ಅಜ್ಜಿ ಕೂತ ತೆಪ್ಪ ಮೆಲ್ಲಗೆ ದೂರ ಹೋಗುತ್ತಿದೆ. ಅಜ್ಜಿ ಇನ್ನೂ ಅದನ್ನು ಗಮನಿಸಿಲ್ಲ, ಒರಳಿನ ಕಡೆಗೇ ನೋಡಿ ನಗುತ್ತಿದ್ದಾಳೆ.

'ಅಯ್ಯೋ' ಎಂದಳು ತಂಗಿ. 'ಆಮೇಲೆ?'

ಶುಂಠಿಯ ಒಂದು ತುಂಡನ್ನು ಎತ್ತಿಕೊಂಡು ನಾನು ಅದರ ಮಣ್ಣು ಕೆರೆಯತೊಡಗಿದೆ. ಉಗುರಿಗೆ ಮಣ್ಣು ತುಂಬಿಕೊಂಡಿತು.

'ನಾನು ಅಲ್ಲೀವರೆಗೆ ಮಾತ್ರ ಓದಿದ್ದು' ಎಂದೆ.

ಅವಳು ಹಿನ್ನೀರಿನ ಕಡೆ ತಿರುಗಿ, 'ನಮ್ಮಜ್ಜಿಗೆ ಈಜು ಬರ್ತಿರ್ಲಿಲ್ಲ' ಎಂದಳು.

ಮರುಮುದ್ರಣ ಈಗ ಅಚ್ಚಿನಲ್ಲಿದೆ. ಹಸುವಿನ ಕಾಗದದ ಕೆಳಗೆ ಅದನ್ನು ಬರೆದವಳ ಹೆಸರಿದೆ. ಪುಸ್ತಕ ಬಂದಾಗ ಮೊದಲ ಪ್ರತಿಯನ್ನು ತಂಗಿಗೆ ಕೊಡಲು ಹೋಗಬೇಕು. ಅವಳು ಅದನ್ನು ತೆಗೆದುಕೊಳ್ಳಬಹುದು, ಹೆಸರಿನ ಮೇಲೆ ಬೆರಳಾಡಿಸಬಹುದು. ಆದರೆ ಆ ಅಜ್ಜಿ ದಡ ಸೇರಿದಳೇ ಎಂದು ಮತ್ತೊಮ್ಮೆ ಕೇಳಿದರೆ, ಹೇಳಲು ನನ್ನಲ್ಲಿ ಏನೂ ಇಲ್ಲ.